ಅವರ ಹೆಸರಿನಲ್ಲಿ ನನ್ನ ರಕ್ತ

ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ನಮ್ಮ ಮನೆಯಲ್ಲಿ ಅದಕ್ಕೆ ಅಳಿಯನ ಮರ್ಯಾದೆ. ಅದಕ್ಕೆ ಹಸಿವಾದಾಗ ನಾನು ರೊಟ್ಟಿ ಬಡಿಯಬೇಕು, ಅದು ಬೇಡವೆಂದಿದ್ದು ಒಲೆ ಏರಬಾರದು. ಮಾನ್ವಿಯಿಂದ ದಿನವೂ ಬಸ್ಸಿನಲ್ಲಿ ದೇವದುರ್ಗಕ್ಕೆ ಹೋಗಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡಿ ಬರುವ ಈ ಮನುಷ್ಯರು, ಸೀಟು ಸಿಗದಿದ್ದರೆ "ನನಗ ಶುಗರ್ ಅದ ರೀ" ಎಂದು ಯಾರನ್ನಾದರೂ ಎಬ್ಬಿಸಿ ಕೂರುತ್ತಿದ್ದರು. ಕಾಯಿಲೆಯಿಂದ ಇಷ್ಟು ಸುಖಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ನಾನು ಮಾತ್ರ ಗಟ್ಟಿ. ಹಾಗೆಂದು ತೀರ್ಮಾನಿಸಿದವರೂ ಅವರೇ. "ನಿನಗೇನ್ ಧಾಡಿ, ಕಲ್ಲಿದ್ದಂಗ ಅದಿ" ಎನ್ನುತ್ತಿದ್ದರು. ನಾನೂ ನಂಬಿದ್ದೆ. ಮನೆಯಲ್ಲೇ ಕುಳಿತು ಓಣಿಯ ಹೆಂಗಸರ ಜಂಪರು ಹೊಲಿಯುವವಳು ನಾನು. ಸಂಜೆ ಹೊತ್ತಿಗೆ ಸೂಜಿಯ ಕಣ್ಣು ಕಾಣದಾದರೆ ದಾರ ಸರಿಯಿಲ್ಲವೆಂದು ಅಂಗಡಿಯವನನ್ನು ಬೈದೆ. ಅಂಗಾಲು ಉರಿದರೆ ಬಿಸಿಲನ್ನು ಬೈದೆ. ಬಾಯಿ ಒಣಗಿ ತಂಬಿಗೆಗಟ್ಟಲೆ ನೀರು ಕುಡಿದೆ. ರಾಯಚೂರು ಸೀಮೆಯಲ್ಲಿ ಬಾಯಾರಿಕೆಯೂ ರೋಗವೆಂದರೆ ಇಡೀ ಜಿಲ್ಲೆಯನ್ನೇ ಆಸ್ಪತ್ರೆಯಲ್ಲಿ ಮಲಗಿಸಬೇಕಾದೀತು.

ಅವರ ಪಥ್ಯವೆಂದರೆ ನನ್ನ ಊಟವೂ ಹೌದು, ಬೇರೆ ಲೆಕ್ಕದಲ್ಲಿ. ಅವರಿಗೆ ಬಿಸಿ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ. ಅವರು ಮುಟ್ಟದೆ ಬಿಟ್ಟ ಅನ್ನ ನನಗೆ. ದೇವದುರ್ಗದ ಕಚೇರಿಯಲ್ಲಿ ಯಾರಾದರೂ ನಿವೃತ್ತರಾದರೆ, ಯಾರ ಮಗಳಿಗಾದರೂ ಗಂಡು ಗೊತ್ತಾದರೆ, ಡಬ್ಬಿ ತುಂಬ ಲಾಡು ನಮ್ಮ ಮನೆಗೆ ಬರುತ್ತಿತ್ತು. "ನನಗಂತೂ ಆಗಂಗಿಲ್ಲ, ನೀ ತಿನ್ನು, ಕೆಡಸಬ್ಯಾಡ" ಎಂದು ತ್ಯಾಗಿಯ ಮುಖ ಮಾಡಿ ಮುಂದಿಡುತ್ತಿದ್ದರು. ಕೆಡಿಸುವುದು ಪಾಪವೆಂದು ತಿಂದೆ. ನಿಜ ಹೇಳಬೇಕೆಂದರೆ ರುಚಿಯಾಗಿಯೂ ಇರುತ್ತಿತ್ತು.

ಆ ತ್ಯಾಗ ಕೂಡ ಮನೆಯೊಳಗಿನದು ಮಾತ್ರ. ಹೊರಗೆ ಏನೇನು ತಿನ್ನುತ್ತಿದ್ದರೋ ಅವರಿಗೇ ಗೊತ್ತು. ರಕ್ತ ಪರೀಕ್ಷೆಗೆ ಒಂದು ವಾರವಿರುವಾಗ ಇವರ ಮೇಲೆ ಭಕ್ತಿ ಇಳಿಯುತ್ತಿತ್ತು. ಬೆಳಿಗ್ಗೆ ಹಾಗಲಕಾಯಿ ರಸ, ಬರಿ ಹೊಟ್ಟೆಯಲ್ಲಿ ಮೆಂತ್ಯ, ಪೋತ್ನಾಳ ರಸ್ತೆಯ ತುದಿಯವರೆಗೆ ನಡಿಗೆ. ವರದಿ ಚೆಂದ ಬಂದ ದಿನ ಅದೇ ರಸ್ತೆಯ ಹೋಟೆಲಿನಲ್ಲಿ ಮಿರ್ಚಿ ಭಜಿ, ಮೇಲೆ ಜಿಲೇಬಿ. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಪುಸ್ತಕ ತೆರೆಯುವ ಜಾಣತನ ಇದು, ಹತ್ತು ವರ್ಷ ನಡೆಯಿತು.

ಹೋದ ವರ್ಷ ರಾಯಚೂರಿನ ಡಾಕ್ಟರಮ್ಮ ಈ ಆಟ ಕೆಡಿಸಿದರು. ಈ ಸಲ ಬರಿ ಹೊಟ್ಟೆಯ ಸಕ್ಕರೆ ಸಾಲದು, ಮೂರು ತಿಂಗಳ ಸಕ್ಕರೆ ಹೇಳುವ ರಕ್ತ ಪರೀಕ್ಷೆ ಬೇಕು, ಕಿಡ್ನಿಯ ಸುಳಿವು ಕೊಡುವುದೂ ಬೇಕು ಎಂದರು. ಯಾಕೆಂದು ಇವರು ಕೇಳಿದ್ದಕ್ಕೆ ನಮ್ಮ ಕಡೆಯವರಿಗೆ ತಿಳಿಯುವ ಹಾಗೆಯೇ ಹೇಳಿದರು:

"ದೊಡ್ಡ ಕಾಲುವಿ ನೋಡಿದ್ರ ನೀರು ಚಲೋ ಹರಿಯಾಕತ್ತದ ಅನಿಸ್ತದ. ಮೊದಲ ಕೆಡೋದು ಹೊಲಗಾಲುವಿ. ಹಂಗ ನಮ್ಮ ಕಣ್ಣಾಗ, ಕಿಡ್ನಿಯಾಗ, ಅಂಗಾಲಾಗ ಕೂದಲಿಗಿಂತ ಸಣ್ಣ ರಕ್ತನಾಳ ಇರ್ತಾವ. ಸಕ್ರಿ ಏರಿದ್ರ ಸದ್ದಿಲ್ಲದ ಅವು ಹಾಳಾಗತಾವ. ಅದು ರಕ್ತದಾಗ ಗೊತ್ತಾಗತದ ರೀ."

ಬಸ್ಸಿನಲ್ಲಿ ಮಾನ್ವಿ ಮುಟ್ಟುವವರೆಗೂ ಇವರು ಗೊಣಗಿದರು. "ಮೂರು ತಿಂಗಳ ಹಿಂದಿಂದು ಕೆದಕೋದು ಯಾವ ನ್ಯಾಯ? ನಮ್ಮ ಆಫೀಸಿನಾಗೂ ಅಷ್ಟು ಹಳೇ ಫೈಲ್ ತೆಗಿಯಂಗಿಲ್ಲ." ಮೂರು ತಿಂಗಳಲ್ಲಿ ಮಲ್ಲಟದ ಮದುವೆ ಇತ್ತು, ಕುರ್ಡಿಯ ತೊಟ್ಟಿಲ ಕಾರ್ಯವಿತ್ತು. ಅಲ್ಲೆಲ್ಲ ಇವರು ಪಂಕ್ತಿಯಲ್ಲಿ ಎರಡೆರಡು ಸಲ ಹೋಳಿಗೆ ಹಾಕಿಸಿಕೊಂಡಿದ್ದನ್ನು ಜನ ಬಂದು ನನಗೆ ಹೇಳಿದ್ದರು. ಹಾಗಲಕಾಯಿಗೆ ಇದೆಲ್ಲ ತೊಳೆಯುವ ಶಕ್ತಿಯಿಲ್ಲ. ಕೊನೆಗೆ ಅವರಿಗೊಂದು ಉಪಾಯ ಹೊಳೆಯಿತು.

"ನಿನ್ನ ರಕ್ತ ಕೊಟ್ರ ಹೆಂಗ?"

ನಾನು ಬೈಯಬೇಕಿತ್ತು. ಬೈಯಲಿಲ್ಲ. ವರದಿ ಕೆಟ್ಟು ಬಂದರೆ ಇವರು ತಿಂಗಳುಗಟ್ಟಲೆ ಮಂಚ ಹಿಡಿದು ನರಳುವುದು, ನಾನು ಹೊಲಿಗೆ ಬಿಟ್ಟು ಗಂಜಿ ಕಾಸುವುದು ಬೇಡವೆನಿಸಿತು. ಇನ್ನೊಂದು ಮಾತೂ ಇದೆ, ಹೇಳಲು ನಾಚಿಕೆ. ನನ್ನ ರಕ್ತ ಚೊಕ್ಕವಾಗಿದೆ, ಡಾಕ್ಟರಮ್ಮ ಅದನ್ನು ನೋಡಿ ಭೇಷ್ ಎನ್ನಲಿ ಎಂದು ಒಳಗೊಳಗೇ ಆಸೆಯಾಯಿತು. ಯಾರ ಹೆಸರಿನಲ್ಲಾದರೂ ಆಗಲಿ, ಒಂದು ಶಹಬ್ಬಾಸ್ ಬೇಕಿತ್ತು.

ಬೆಳಿಗ್ಗೆ ಲ್ಯಾಬಿನವರು ಮನೆಗೆ ಬಂದರು. ನಮ್ಮ ಮಾರ್ಕೆಟ್ ಕಡೆಯ, ನರೆಗಡ್ಡದ ಸಾಹೇಬರು. ಇವರು ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು. ನಾನು ತೋಳು ಚಾಚಿದೆ. "ಹೆಸರೇನಮ್ಮಾ?" ಎಂದರು ಸಾಹೇಬರು. ಗಂಡನ ಹೆಸರು ಬಾಯಲ್ಲಿ ಹೇಳದ ಪದ್ಧತಿಯಲ್ಲಿ ಬೆಳೆದವಳು ನಾನು. ಮಾತಾಡದೆ ಡಾಕ್ಟರ ಚೀಟಿಯನ್ನು ಮುಂದೆ ಸರಿಸಿದೆ. ಚೀಟಿಯಲ್ಲಿ ಇದ್ದದ್ದು ಒಂದಕ್ಷರ ಮತ್ತು ಮನೆತನದ ಹೆಸರು ಮಾತ್ರ. ಸಾಹೇಬರು ಅದನ್ನೇ ಸೀಸೆಯ ಮೇಲೆ ಬರೆದುಕೊಂಡರು. ಹೀಗೆ ಒಂದು ಸುಳ್ಳೂ ಆಡದೆ, ಪತಿವ್ರತೆಯಾಗಿಯೇ ಮೋಸ ಮಾಡಿದೆ.

ವರದಿ ಇವರ ಮೊಬೈಲಿಗೆ ಬಂತು. "ನಿನ್ನ ರಕ್ತದಾಗ ನೋಡೋದೇನದ" ಎಂದು ತೆರೆದೂ ನೋಡದೆ ಡಾಕ್ಟರಮ್ಮನಿಗೆ ಕಳಿಸಿದರು. ಮರುದಿನ ಇಸ್ತ್ರಿ ಅಂಗಿ ತೊಟ್ಟು, ಹೊಗಳಿಕೆ ಕೇಳಲು ರಾಯಚೂರಿಗೆ ಹೊರಟರು. ನಾನು ಚೀಲ ಹಿಡಿದು ಹಿಂದೆ.

ಡಾಕ್ಟರಮ್ಮ ಹೊಗಳಲಿಲ್ಲ. ಕನ್ನಡಕ ಏರಿಸಿ ಇಳಿಸಿ ಎರಡು ಸಲ ಓದಿದರು. "ಮೂರು ತಿಂಗಳ ಸಕ್ರಿ ಇಷ್ಟು ಏರೇದಲ್ರಿ. ಕಿಡ್ನಿ ಸೋಸೋದು ಕಡಿಮಿ ಆಗಾಕತ್ತದ ಅಂತ ಈ ಇನ್ನೊಂದು ನಂಬರ್ ಹೇಳತದ. ಸಂಜಿಗೆ ಕಣ್ಣು ಮಂಜಾಗತಾವೇನು?"

"ಇಲ್ರಿ ಮೇಡಂ" ಎಂದರು ಇವರು.

ನನಗೆ ಆಗುತ್ತಿದ್ದವು.

"ಅಂಗಾಲು ಉರೀತಾವೇನು? ಜೋಮು ಹಿಡೀತಾವೇನು?"

"ಏನೂ ಇಲ್ರಿ."

ನನ್ನ ಅಂಗಾಲು ಆಗಲೂ ಚಪ್ಪಲಿಯೊಳಗೆ ಉರಿಯುತ್ತಿತ್ತು. ಕೇಳಿದ ಒಂದೊಂದು ಪ್ರಶ್ನೆಗೂ ಉತ್ತರ ಕುರ್ಚಿಯ ಹಿಂದೆ ನಿಂತಿತ್ತು. ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ.

"ಹಿಂಗ ಬಿಟ್ರ ಕಣ್ಣು ಹೋಗತಾವ ನಿಮ್ಮವು" ಎಂದು ಡಾಕ್ಟರಮ್ಮ ದನಿ ಏರಿಸಿದರು. ಆಗ ಇವರಿಗೆ ನೆನಪಾಯಿತು. ಮುಖ ಹೇಗೆ ಬೆಳಗಿತೆಂದರೆ, ನಮ್ಮ ಮದುವೆಯ ದಿನವೂ ನಾನು ಅಷ್ಟು ಬೆಳಕು ಕಂಡಿರಲಿಲ್ಲ.

"ಮೇಡಂ, ಅದು ನನ್ನ ರಕ್ತನ ಅಲ್ರಿ!"

"ಮತ್ತ ಯಾರದು?"

"ನಮ್ಮ ಮನ್ಯಾಗಿಂದು ರೀ."

ನಮ್ಮ ಕಡೆ ಗಂಡಸರು ಹೆಂಡತಿಯನ್ನು ಹೆಂಡತಿ ಎನ್ನುವುದಿಲ್ಲ. ‘ನಮ್ಮ ಮನ್ಯಾಗ’ ಎಂದು ಬಾಗಿಲು ಕಿಟಕಿಗಳ ಜೊತೆ ಸೇರಿಸಿಬಿಡುತ್ತಾರೆ. ಡಾಕ್ಟರಮ್ಮನೂ ಇದೇ ಸೀಮೆಯವರು, ತಿಳಿಯದ್ದೇನಲ್ಲ.

"ಮನಿಗೆ ರಕ್ತ ಇರ್ತದೇನ್ರಿ? ಮನ್ಯಾಗ ಯಾರದು?"

"ನಂದು ರೀ" ಎಂದೆ ನಾನು. ಡಾಕ್ಟರಮ್ಮ ಇವರನ್ನು ಕುರ್ಚಿಯಿಂದ ಎಬ್ಬಿಸಿ ನನ್ನನ್ನು ಕೂರಿಸಿದರು. ಇಬ್ಬರನ್ನೂ ಬೈದರು, ನನ್ನನ್ನೇ ಹೆಚ್ಚು. ಸಲ್ಲಬೇಕಾದದ್ದೇ. ಹೊರಗೆ ಬಂದ ಮೇಲೆ ಇವರಾಡಿದ ಮೊದಲ ಮಾತು, "ಥೋ, ಮತ್ತ ನಾ ಸೂಜಿ ಚುಚ್ಚಿಸ್ಕೋಬೇಕಾತಲ್ಲ." ಆ ಕ್ಷಣ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಇಬ್ಬರೂ ನಮ್ಮ ನಮ್ಮ ಹೆಸರಿನಲ್ಲೇ ರಕ್ತ ಕೊಟ್ಟೆವು. ನನ್ನದು ಮೊದಲಿನಂತೆಯೇ ಬಂತು. ಅವರದು, ಹೇಳಿದರೆ ನಗುತ್ತೀರಿ, ಅಷ್ಟೇನೂ ಕೆಟ್ಟಿರಲಿಲ್ಲ. ಹೋಳಿಗೆ ತಿಂದ ದಿನ ಬಿಟ್ಟು ಉಳಿದ ದಿನಗಳಲ್ಲಿ ನಾನು ಹಾಕಿದ ರೊಟ್ಟಿ, ಸೊಪ್ಪು ಅವರ ಸಣ್ಣ ನಾಳಗಳನ್ನು ಹತ್ತು ವರ್ಷ ಕಾದಿದ್ದವು. "ನೋಡಿದೇನು, ನನ್ನ ಕಂಟ್ರೋಲ್!" ಎಂದು ಅವರು ಎದೆಯುಬ್ಬಿಸಿದರು.

ಮರುವಾರ ರಾಯಚೂರಿನಲ್ಲೇ ಕಣ್ಣಿನ ಡಾಕ್ಟರರ ಬಳಿ ಹೋದೆವು. ಹನಿ ಹಾಕಿ, ಬೆಳಕು ಬಿಟ್ಟು ನೋಡಿದರು. ಎಡಗಣ್ಣಿನ ಹಿಂದಿನ ಪರದೆಯಲ್ಲಿ ಸಣ್ಣ ರಕ್ತನಾಳಗಳು ಸೋರುತ್ತಿವೆ, ಲೇಸರ್ ಮಾಡಬೇಕು ಎಂದರು. "ಹೋಗಿದ್ದು ಬರಂಗಿಲ್ಲಮ್ಮ. ಇದ್ದದ್ದು ಉಳಿಸ್ಕೊಳ್ಳೋಣು. ಪಥ್ಯ ಕಟ್ಟುನಿಟ್ಟಾಗಿರ್ಲಿ. ಅಡಗಿ ಯಾರು ಮಾಡಿ ಹಾಕ್ತಾರ ನಿಮಗ?"

ಪಕ್ಕದಲ್ಲಿದ್ದ ಇವರು, "ಖಾನಾವಳಿಯಾಗ ಚಲೋ ರೊಟ್ಟಿ ಸಿಗತಾವ್ರಿ" ಎಂದರು.

ಹೊರಗೆ ಬಂದರೆ ಉರಿಬಿಸಿಲು. ಹನಿ ಬಿದ್ದ ಕಣ್ಣಿಗೆ ರಸ್ತೆ, ಆಟೋ, ಮನುಷ್ಯರು ಎಲ್ಲ ಬಿಳುಪಾಗಿ ಒಂದರೊಳಗೊಂದು ಕಲಸಿಹೋಗಿದ್ದವು. ಇವರು ಯಾವಾಗಲೂ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುವವರು, ಅಂದೂ ಹಾಗೆಯೇ ಹೊರಟರು. "ಲಗೂನ ಬಾ, ಬಸ್ ಹೋಗತದ" ಎಂಬ ದನಿ ಮಾತ್ರ ಕೇಳಿಸಿತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಈ ಕಣ್ಣು ಹೋದರೆ ಉಳಿದ ಆಯುಷ್ಯವನ್ನೆಲ್ಲ ಆ ದನಿಯ ಹಿಂದೆಯೇ ತಡಕಾಡುತ್ತ ನಡೆಯಬೇಕು.

ನಿಂತಲ್ಲೇ ನಿಂತೆ. "ನನಗ ಕಾಣವಲ್ದು" ಎಂದೆ. ಇಷ್ಟು ವರ್ಷದಲ್ಲಿ ಆ ಮಾತು ಹೇಳಿದ್ದು ಅದೇ ಮೊದಲು, ಅದಕ್ಕೇ ಇರಬೇಕು, ದನಿ ಸಣ್ಣಗೆ ಬಂತು. ಅವರಿಗೆ ಕೇಳಿಸಿದ ಹಾಗಿರಲಿಲ್ಲ. ರಸ್ತೆಯ ಮಂದಿಯೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಕೂಗಿದೆ:

"ನನಗ ಕಾಣವಲ್ದು ರೀ! ಹಿಂದ ಬರ್ರಿ!"