ನೆಲಗುಂಬಳದ ತಲೆ

ಶಿರಸಿ ಬಸ್‌ಸ್ಟ್ಯಾಂಡಿನ ಎದುರು ಒಬ್ಬ ನೆಲಗುಂಬಳ ಮಾರುತ್ತಿದ್ದ. ಹಲಗೆಯ ಮೇಲೆ ಕೊಡಪಾನದಷ್ಟು ದಪ್ಪನೆಯ ಗೆಡ್ಡೆ. ಚೂರಿ ತಾಗಿದಲ್ಲೆಲ್ಲ ಎಳೆ ಅವರೆ ಸುಲಿದಂಥ ಹಸಿ ವಾಸನೆ. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಮನ್ಮನೆ ಊರಿನ ನಮ್ಮ ಮನೆ ಬಿದ್ದು, ಹಿಂದಿನ ಕುರುಚಲು ನೆಲದ ಹಕ್ಕಲಿಗೆ ಅಕೇಶಿಯಾ ತೋಪು ಬಂದು ಎಷ್ಟೋ ವರ್ಷವಾಯಿತು. ಗಂಗತ್ತೆ ಮಾತ್ರ ನನ್ನನ್ನು ಬಿಟ್ಟು ಹೋಗಿಲ್ಲ.

ಗಂಗತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಳು. ಅವಳ ಕೈಗುಣ ಕೇರಿಗೆಲ್ಲ ಗೊತ್ತು. ಗದ್ದೆಗೆ ಬೀಜ ಹಾಕುವಾಗ ಮೊದಲ ಹಿಡಿ ಅವಳದೇ ಆಗಬೇಕು. ಹಕ್ಕಲಿನಲ್ಲಿದ್ದದ್ದು ಒಂದೇ ನೆಲಗುಂಬಳದ ಬಳ್ಳಿ, ಅವರೆಯಂತೆ ಮೂರೆಲೆ, ನೇರಳೆ ಹೂ. ಬೇಸಿಗೆಯಲ್ಲಿ ಗೆಡ್ಡೆ ಅಗೆದ ಮೇಲೆ, ಬಳ್ಳಿ ಹುಟ್ಟುವ ತಲೆಯಷ್ಟನ್ನು ಕೊಯ್ದು ಅದೇ ಗುಂಡಿಯಲ್ಲಿ ಹುಗಿದು ಬರುವುದು ಅವಳ ಕ್ರಮ. ಮಳೆ ಬಿದ್ದರೆ ಅಲ್ಲೇ ಚಿಗುರುತ್ತಿತ್ತು.

ನನಗೆ ಒಂಬತ್ತು ವರ್ಷವಿದ್ದಾಗ ಅವಳು ಜ್ವರದಲ್ಲಿ ಮಲಗಿದಳು. ಬಾಯೆಲ್ಲ ಕಹಿ, ಒಂದು ಚೂರು ನೆಲಗುಂಬಳ ಬೇಕು ಎಂದಳು. ನಾನೊಬ್ಬಳೇ ಹೋಗಿ ಅಗೆದೆ. ಎಷ್ಟು ದೊಡ್ಡದೆಂದು ಎಲ್ಲರಿಗೂ ತೋರಿಸುವ ಹುಮ್ಮಸ್ಸಿನಲ್ಲಿ ತಲೆಸಮೇತ ಹೊತ್ತು ತಂದೆ. ಆಮೇಲೆ ತಲೆ ಕೊಯ್ದು ದನದ ಬಾನಿಗೆ ಎಸೆದೆ. ಅತ್ತೆ ಒಂದು ಚೂರು ಚೀಪಿ, "ತಲೆ ಹುಗ್ದು ಬಂದ್ಯನೇ?" ಎಂದಳು.

"ಹೂಂ ಅತ್ತೆ, ಅಲ್ಲೇ ಹುಗ್ದೆ."

ಮಳೆ ಹಿಡಿಯಿತು. ಎದ್ದು ಓಡಾಡುವಂತಾದ ಅತ್ತೆ ದಿನಾ ಹಕ್ಕಲಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕಿ ನೋಡುತ್ತಿದ್ದಳು. ಏನೂ ಇಲ್ಲ. ಬೀಜ ಹಾಕುವ ದಿನ ಅಪ್ಪ ಬುಟ್ಟಿ ಮುಂದೆ ಹಿಡಿದಾಗ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಬ್ಯಾಡ ತಮ್ಮಾ. ನಾ ಬೇಡಿ ತಿಂದಿದ್ದೇ ಚಿಗುರ್ಲಿಲ್ಲ. ನನ್ನ ಕೈಗುಣ ಹೋತು."

ನಾನು ಪಕ್ಕದಲ್ಲೇ ಇದ್ದೆ. ಒಂದು ಮಾತು ಸಾಕಿತ್ತು. ಮೊದಲು ಪೆಟ್ಟಿನ ಹೆದರಿಕೆ, ಆಮೇಲೆ ನಾಚಿಕೆ, ಹೇಳಲೇ ಇಲ್ಲ. ಮತ್ತೆ ಏಳು ವರ್ಷ ಬದುಕಿದಳು, ಒಂದು ಕಾಳು ಬೀಜ ಮುಟ್ಟಲಿಲ್ಲ. ಈಗಲೂ ಎಲ್ಲಾದರೂ ಅಗೆದ ಗುಂಡಿ ಕಂಡರೆ, ಅದರ ಅಂಚಿನಲ್ಲಿ ಬಾಗಿದ ಅವಳ ಬೆನ್ನು ಕಾಣುತ್ತದೆ. ಅವಳು ಒಮ್ಮೆಯೂ ತಿರುಗಿ ನೋಡುವುದಿಲ್ಲ.

ಮಾರುವವನು ತೆಳ್ಳಗೆ ಒಂದು ಚೂರು ಕೊಯ್ದು ನನ್ನ ಕೈಗಿಟ್ಟ.

"ಇದರ ತಲೆ ಎಂತ ಮಾಡಿದೆ ತಮ್ಮಾ?"

"ಅಲ್ಲೇ ಹುಗ್ದು ಬಂದೆ ಅಮ್ಮಾ," ಎಂದ, ಕಣ್ಣೆತ್ತದೆ.

ನಾನೂ ಹೀಗೇ, ಇಷ್ಟೇ ಬೇಗ ಹೇಳಿದ್ದೆ. ಚೂರು ಕೈಯಲ್ಲೇ ಒಣಗಿತು.