ಮೂಕನ ಪಾತ್ರದಲ್ಲಿ ಆಡಿದ ಒಂದೇ ಮಾತು

೧೯೮೪ರಲ್ಲಿ ನಾನು ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸುತ್ತಿನ ನಾಟಕಗಳಲ್ಲಿ ಮಿಮಿಕ್ರಿ ಕಲಾವಿದನಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಒಳಗೆ ಸೀನು ಬದಲಿಸುವಷ್ಟು ಹೊತ್ತು ಪರದೆಯ ಮುಂದೆ ನಿಂತು ತಹಶೀಲ್ದಾರರಂತೆ ಕೆಮ್ಮುವುದು, ಎಮ್ಮೆಯಂತೆ ಕೂಗುವುದು. ಎರಡನೆಯದಕ್ಕೆ ನನ್ನ ಮುಖವೂ ಒಪ್ಪುತ್ತಿತ್ತು.

ಆ ವರ್ಷ ಗಂಗಾವತಿಗೆ ಹೊರಗಿನಿಂದ ಒಬ್ಬ ನಿರ್ದೇಶಕರು ಬಂದರು. ಅವರು ತಂದದ್ದು ಹದಿನೆಂಟನೆಯ ಶತಮಾನದ ಇಟಲಿಯ ಒಂದು ಕಾಮಿಕ್ ಒಪೇರಾ, ಅಂದರೆ ಮಾತನ್ನೂ ಹಾಡಿಯೇ ಹೇಳುವ ಹಾಸ್ಯ ನಾಟಕ. ಒಬ್ಬ ಶ್ರೀಮಂತ ಮುದುಕ, ಅವನನ್ನು ಮರುಳು ಮಾಡಿ ಮದುವೆಯಾಗುವ ಮನೆಗೆಲಸದ ಹುಡುಗಿ, ಒಬ್ಬ ಮೂಕ ಆಳು. ಇಂಥ ಕಥೆಯನ್ನು ನಮ್ಮವರು ಚಹಾ ಆರುವುದರೊಳಗೆ ಹೇಳಿ ಮುಗಿಸುತ್ತಾರೆ. ಇವರು ದಿನಗಟ್ಟಲೆ ಉಪನ್ಯಾಸ ಕೊಟ್ಟರು. ನಾನು ಅವರ ಮೂಗಿನ ದನಿಯನ್ನು ಅನುಕರಿಸುವುದು ಕಿವಿಗೆ ಬಿದ್ದ ಮೇಲೆ, ಮೂಕ ಆಳಿನ ಪಾತ್ರಕ್ಕೆ ನಾನೇ ಸೂಕ್ತ ಎಂದು ತೀರ್ಮಾನಿಸಿದರು.

ಮುದುಕನ ಪಾತ್ರ ಅಕ್ಕಿ ಗಿರಣಿಯ ಸಾಹುಕಾರರದು. ಖರ್ಚೆಲ್ಲ ಅವರದಾದ್ದರಿಂದ ಅವರ ಅಪಸ್ವರಕ್ಕೆ ನಿರ್ದೇಶಕರು ‘ಪ್ರಯೋಗ’ ಎಂದು ಹೆಸರಿಟ್ಟಿದ್ದರು. ಹುಡುಗಿಯ ಪಾತ್ರ ಶಾರದಕ್ಕನದು. ಕರೆದ ಊರಿಗೆ ಹೋಗಿ ಹಾಡಿ, ನಟಿಸಿ ಬದುಕುತ್ತಿದ್ದ ಕಲಾವಿದೆ. ನಮ್ಮಲ್ಲಿ ಕಂಠವೆಂಬುದು ಇದ್ದದ್ದು ಆಕೆಗೊಬ್ಬಳಿಗೇ.

ಕೊನೆಯ ದೃಶ್ಯದಲ್ಲಿ ಮದುವೆ. ನಮ್ಮ ನಾಟಕಗಳಲ್ಲಿ ತಾಳಿಯ ದಾರವನ್ನು ಕೊರಳ ಹಿಂದೆ ಸುಮ್ಮನೆ ಹಿಡಿಯುತ್ತಾರೆ, ಗಂಟು ಹಾಕುವುದಿಲ್ಲ. ಪ್ರದರ್ಶನದ ದಿನ ಸಾಹುಕಾರರು ಬಂಗಾರದ ತಾಳಿಯನ್ನೇ ತಂದು, ಮೂರು ಗಂಟನ್ನೂ ಹಾಕುವುದಾಗಿ ಹೇಳಿದರು. ಮನೆಯಲ್ಲಿ ಹೆಂಡತಿ ಇದ್ದರು. ಶಾರದಕ್ಕನಿಗೆ ಗಂಗಾವತಿಯಲ್ಲೇ ಮನೆ ಮಾಡಿಕೊಡುತ್ತೇನೆಂದು ಹೇಳಿಕಳಿಸುತ್ತಿದ್ದವರೂ ಇವರೇ.

ಶಾರದಕ್ಕ ನಿರ್ದೇಶಕರ ಬಳಿ ಹೋದಳು.

“ಸರ್, ಅಷ್ಟು ಮಂದಿ ಎದುರಿಗೆ ಗಂಟು ಬಿದ್ರ ನಾಳಿಂದ ನಾ ಸಾಹುಕಾರ್ರ ಹೆಂಗಸು ಆಗ್ತೀನ್ರಿ. ಆಮ್ಯಾಲೆ ಯಾವ ಊರಾಗೂ ನನ್ನ ನಾಟಕಕ್ಕ ಕರಿಯಂಗಿಲ್ಲ.”

“ವಾಸ್ತವತೆ ಬೇಕಮ್ಮಾ. ಇಟಲಿಯಲ್ಲಿ ಯಾರೂ ಹೀಗೆ ಅಂಜುವುದಿಲ್ಲ,” ಎಂದರು ನಿರ್ದೇಶಕರು. ಅವರು ಇಟಲಿಯನ್ನು ನೋಡಿದ್ದು ಕ್ಯಾಲೆಂಡರಿನಲ್ಲಿ.

ಬಿಟ್ಟು ಹೋದರೆ ಮಾತಿಗೆ ತಪ್ಪಿದವಳೆಂಬ ಹೆಸರು, ನಿಂತರೆ ಇದು. ಆಕೆ ಬಣ್ಣ ಹಚ್ಚಿಕೊಂಡಳು.

ಪರದೆಯ ಹಗ್ಗ ಹಿಡಿದವನು ಕೂತದ್ದು ರಂಗ ಕಾಣದ ಮೂಲೆಯಲ್ಲಿ. ತಮ್ಮ ದನಿ ಕೇಳದೆ ಹಗ್ಗ ಬಿಡಕೂಡದೆಂದು ನಿರ್ದೇಶಕರು ಅವನಿಗೆ ತಾಕೀತು ಮಾಡಿ, ಎದುರಿನ ಬದಿಯಲ್ಲಿ ನಿಂತಿದ್ದರು. ಸಾಹುಕಾರರು ದಾರವನ್ನು ಕೊರಳ ಹಿಂದಕ್ಕೆ ತಂದರು. ಶಾರದಕ್ಕನ ಹಾಡು ನಡುವೆಯೇ ನಿಂತಿತು. ಅಕ್ಷತೆಯ ತಟ್ಟೆ ಹಿಡಿದಿದ್ದ ನಾನು ಮುಖವನ್ನು ಆ ಮೂಲೆಗೆ ತಿರುಗಿಸಿ ಮೂಗಿನಿಂದ ಹೇಳಿದೆ: “ಪರದೆ ಬಿಡಪ್ಪಾ, ಬೇಗ.”

ಥೇಟ್ ನಿರ್ದೇಶಕರದೇ ದನಿ. ಪರದೆ ಬಿತ್ತು. ಸಾಹುಕಾರರು ಕಣ್ಣು ಪಿಳುಕಿಸುವುದರೊಳಗೆ ಶಾರದಕ್ಕ ನುಣುಚಿಕೊಂಡು, ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರರ ಹಿಂದೆ ಹೋಗಿ ನಿಂತಿದ್ದಳು.

ನಿರ್ದೇಶಕರು ನನ್ನ ಕಾಲು ಮುರಿಯುವ ಉತ್ಸಾಹದಲ್ಲಿ ಓಡಿ ಬಂದರು. ಹೊರಗೆ ಚಪ್ಪಾಳೆಯೋ ಚಪ್ಪಾಳೆ. ಅತಿಥಿಯಾಗಿ ಬಂದಿದ್ದ ಸಾಹೇಬರೊಬ್ಬರು ಒಳಗೇ ಬಂದು ನಿರ್ದೇಶಕರ ಕೈ ಹಿಡಿದುಕೊಂಡರು.

“ಮದುವಿ ಆತೋ ಇಲ್ಲೋ ನೀವ ತಿಳ್ಕೋರಿ ಅಂತ ನಮಗ ಬಿಟ್ರಲ್ರಿ, ಭಾಳ ಹೊಸಾದು. ಇದು ಯಾರ ಐಡಿಯಾರಿ?”

ನಿರ್ದೇಶಕರು ನನ್ನನ್ನು ಮರೆತರು, ಜುಬ್ಬಾ ಎಳೆದುಕೊಂಡರು. “ನನ್ನದೇ. ಪರದೆ ಬಿಡಿಸಿದ್ದೂ ನಾನೇ.”

ತಾಳಿ ಹಿಡಿದುಕೊಂಡೇ ನಿಂತಿದ್ದ ಸಾಹುಕಾರರು ಮೆಲ್ಲಗೆ ಕೇಳಿದರು: “ಹಂಗಂದ್ರ ನೀವ ಬಿಡಿಸಿದ್ರಿ?”

ನಿರ್ದೇಶಕರು ಹೌದೆಂದು ತಲೆಯಾಡಿಸಲೇಬೇಕಾಯಿತು. ಸಾಹೇಬರು ಇನ್ನೂ ಕೈ ಕುಲುಕುತ್ತಲೇ ಇದ್ದರು.

ಸಾಹುಕಾರರು ದುಡ್ಡು ನಿಲ್ಲಿಸಿದರು, ಮುಂದೆ ಗೊತ್ತಾಗಿದ್ದ ಕೊಪ್ಪಳ, ಕುಷ್ಟಗಿಯ ಪ್ರದರ್ಶನಗಳು ಅಲ್ಲಿಗೇ ನಿಂತವು. ಸಾಹುಕಾರರ ಜೀಪಿನಲ್ಲಿ ಬಂದಿದ್ದ ನಿರ್ದೇಶಕರು ಟ್ರಂಕು ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು. ಶಾರದಕ್ಕ ಮುಂದಿನ ವಾರ ಬೇವೂರಿನ ನಾಟಕದಲ್ಲಿ ಹಾಡಿದಳು. ನಾನು ಅಲ್ಲಿ ಎಮ್ಮೆಯಾಗಿದ್ದೆ.

ಈ ಕೆಲಸ ನನಗೆ ಕಲಿಸಿದ್ದಿಷ್ಟು. ಕೀರ್ತಿಗೆ ಕೈಚಾಚುವವರು ಸಿಕ್ಕರೆ ನಮ್ಮ ಪಾಲನ್ನೂ ಅವರ ಕೈಗಿಟ್ಟು ಸುಮ್ಮನಿರಬೇಕು. ಬೈಗುಳವನ್ನೂ ಅವರೇ ಕಟ್ಟಿಕೊಂಡು ಹೋಗುತ್ತಾರೆ.