ಮುಚ್ಚಿಗೆಯ ಮೇಲಿನ ಗುಮ್ಮಟ

ಮೊನ್ನೆ ಮನೆಗೆ ಸುಣ್ಣ ಬಳಿಸುತ್ತಿದ್ದಾಗ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದು ಒಬ್ಬಳೇ ನಗತೊಡಗಿದೆ. ಕೆಲಸದವರು ಮುಖ ಮುಖ ನೋಡಿಕೊಂಡರು...

ನಮ್ಮವರು ಹೆಣ್ಣು ನೋಡಲು ಜಾವಳಿಯ ನಮ್ಮ ಮನೆಗೆ ಬಂದದ್ದು ದೊಡ್ಡ ಯುದ್ಧ ಮುಗಿದ ಮರುವರ್ಷ. ಮೊದಲು ಎಸ್ಟೇಟೊಂದರಲ್ಲಿ ಕಾಫಿ ಮೂಟೆಗಳ ಮೇಲೆ ಅಕ್ಷರ ಬರೆಯುತ್ತಿದ್ದವರು, ಮಿಲಿಟರಿ ಸೇರಿ ಲಾರಿ ಓಡಿಸುತ್ತ ಇಟಲಿಯವರೆಗೆ ಹೋಗಿ ಬಂದಿದ್ದರು. ಉಪ್ಪಿಟ್ಟು ತಿನ್ನುತ್ತ, ನನ್ನನ್ನು ನೋಡುವುದು ಬಿಟ್ಟು, ರೋಮಿನ ಹಳೆಯ ಚರ್ಚೊಂದನ್ನು ವರ್ಣಿಸತೊಡಗಿದರು. ಬಣ್ಣಬಣ್ಣದ ಅಮೃತಶಿಲೆಯ ಕಂಬಗಳಿವೆಯಂತೆ. ಗೋಡೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯದ ಹಾಗೆ ಚಾವಣಿ ತುಂಬ ಚಿತ್ರವಂತೆ. ಮೋಡದಿಂದ ಇಳಿಬಿದ್ದ ದೇವದೂತರ ಕಾಲು ನಮ್ಮ ತಲೆಗೇ ತಾಗುವಂತಿದೆಯಂತೆ. ಅಲ್ಲಿಯವರೆಗೆ ನಂಬಬಹುದಿತ್ತು.

"ಅಲ್ಲಿನ ಗುಮ್ಮಟ ಮಾತ್ರ ಗುಮ್ಮಟ ಅಲ್ಲ," ಎಂದರು. "ಚಪ್ಪಟೆ ಬಟ್ಟೆ ಮೇಲೆ ಬರೆದದ್ದು. ನೆಲದಲ್ಲಿ ಒಂದು ಗುರುತಿನ ಕಲ್ಲಿದೆ. ಅದರ ಮೇಲೆ ನಿಂತು ನೋಡಿದ್ರೆ ಥೇಟ್ ಗುಮ್ಮಟ."

ಅಪ್ಪಯ್ಯ ಎಲೆಯಡಿಕೆ ಉಗುಳಿ ಬಂದು, "ಬುರುಡೆ ಬಿಡೋರಿಗೆ ನಾನು ಹೆಣ್ಣು ಕೊಡೋದಿಲ್ಲ," ಎಂದರು.

ನಮ್ಮವರಿಗೆ ರೇಗಿತು. "ನಿಮ್ಮ ಜಗಲಿಯ ತಲೆ ಮೇಲಿನ ಹಲಗೆ ಮುಚ್ಚಿಗೆ ಎರಡು ದಿನ ನನಗೆ ಬಿಡಿ. ಬರೆದು ತೋರಿಸ್ತೀನಿ."

ಎರಡಲ್ಲ, ಐದು ದಿನ ಏಣಿಯ ಮೇಲಿದ್ದರು. ಸುಣ್ಣ, ಇದ್ದಿಲು, ಕೆಮ್ಮಣ್ಣು... ಇನ್ನೂ ಅಳಿಯನಾಗದವರಿಗೆ ಮೂರು ಹೊತ್ತು ಬಡಿಸಿ ಅಮ್ಮ ಸುಸ್ತಾದಳು. ಕಡೆಗೆ ನೆಲದ ಮೇಲೊಂದು ಚುಕ್ಕೆ ಇಟ್ಟು ಅಪ್ಪಯ್ಯನನ್ನು ಅಲ್ಲಿ ನಿಲ್ಲಿಸಿದರು.

ಕತ್ತೆತ್ತಿದ ಅಪ್ಪಯ್ಯ "ಅಯ್ಯಯ್ಯೋ!" ಎಂದು ಅವರ ಭುಜವನ್ನೇ ಹಿಡಿದುಕೊಂಡರು. ಮುಚ್ಚಿಗೆ ಮಾಯವಾಗಿತ್ತು. ಕಂಬಗಳ ಸಾಲು ದುಂಡಗೆ ಮೇಲೇರಿ ತುದಿಯ ಕಿಂಡಿಯಲ್ಲಿ ಬೆಳಕು ಕಾಣುತ್ತಿತ್ತು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಅದೇ ಗುಮ್ಮಟ ಎಮ್ಮೆ ತುಳಿದ ಬುಟ್ಟಿ!

ಇನ್ನೇನು ಒಪ್ಪಿದರು ಎಂದುಕೊಂಡೆವು. ಅಪ್ಪಯ್ಯ ಸಾವರಿಸಿಕೊಂಡು, "ಇಷ್ಟು ಚಂದ ಕಣ್ಣಿಗೆ ಮಣ್ಣೆರಚೋ ಮನುಷ್ಯನಿಗೆ ಹೆಣ್ಣು ಕೊಡೋದು ಹೆಂಗೆ ಮಾರಾಯ?" ಎಂದರು.

ನನಗೆ ತಡೆಯಲಾಗಲಿಲ್ಲ. ಹೊಸಿಲಿಗೆ ಬಂದು, "ಎಲ್ಲಿ ನಿಂತರೆ ಗುಮ್ಮಟ, ಎಲ್ಲಿ ನಿಂತರೆ ಬುಟ್ಟಿ ಅಂತ ಅವರೇ ತೋರಿಸಿದಾರಲ್ಲ ಅಪ್ಪಯ್ಯ. ಮೋಸ ಮಾಡೋರು ಹಂಗೆ ತೋರಿಸ್ತಾರಾ?" ಎಂದುಬಿಟ್ಟೆ.

ಹೆಣ್ಣು ಬಾಯಿಬಿಟ್ಟಿದ್ದಕ್ಕೆ ಎಲ್ಲರೂ ಬೆಚ್ಚಿದರು. ಅವರು ಆಗಲೇ ಮೊದಲ ಸಲ ನನ್ನ ಮುಖ ನೋಡಿದ್ದು. ಕೈಯಲ್ಲಿದ್ದ ಕೆಮ್ಮಣ್ಣಿನ ಕರಟ ಜಾರಿ ಅಪ್ಪಯ್ಯನ ಬಿಳಿ ಪಂಚೆಯ ಮೇಲೆ ಬಿತ್ತು.

ಮದುವೆ ಆಯಿತು. ರೋಮಿಗೆ ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಲೇ ಇದ್ದರು. ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನವರೆಗೆ ಹೋದೆವು. ಕಡಲಿನತ್ತ ಕೈ ತೋರಿಸಿ, "ಇಲ್ಲಿಂದ ಸೀದಾ," ಎಂದರು. ಮೀನಿನ ವಾಸನೆಗೆ ನನಗೆ ತಲೆಸುತ್ತು ಬಂದು ಮುಂದಿನ ಬಸ್ಸಿಗೇ ವಾಪಸಾದೆವು. ಇನ್ನೊಂದು ಸಲ ಬಂದರಾಯಿತು ಎಂದುಕೊಂಡಿದ್ದೆ...

ಅವರು ಹೋಗಿ ಈಗ ಒಂಬತ್ತು ವರ್ಷ. ಅಂದು ಇನ್ನೊಂದಿಷ್ಟು ಹೊತ್ತು ಅವರ ಜೊತೆ ಆ ದಡದಲ್ಲಿ ನಿಂತಿರಬೇಕಿತ್ತು.